ಏಳು, ಏಳು

"ಮೇಕ್ ಸಮ್ ನಾಯ್ಸ್ ಮೈಸೂರು" ಎಂದು ಮೈಕು ಹಿಡಿದವನೊಬ್ಬ ಗೋಗರೆಯುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮ ಫುಟ್‌ಬಾಲ್ ಕ್ಲಬ್ಬಿನ ಪಂದ್ಯಗಳಲ್ಲಿ ಈಚೆಗೆ ಆಟಕ್ಕಿಂತ ಹೆಚ್ಚು ನಡೆಯುವುದು ಈ ಗೋಗರೆತವೇ. ಅವನೆದುರಿಗೆ ಉದ್ದಕ್ಕೂ ಕಲ್ಲಿನ ಮೆಟ್ಟಿಲು. ಅದರ ಮೇಲೆ ಅಲ್ಲೊಬ್ಬರು ಇಲ್ಲೊಬ್ಬರು, ಎಲ್ಲ ಸೇರಿ ಮದುವೆಮನೆಯ ಕೊನೆಯ ಪಂಕ್ತಿಗೆ ಆಗುವಷ್ಟು ಮಂದಿ. ಅವರಲ್ಲೂ ಅರ್ಧ ಜನ ಫೋನಿನಲ್ಲಿ ತಮ್ಮ ಮುಖವನ್ನೇ ನೋಡಿಕೊಳ್ಳುತ್ತಿರುತ್ತಾರೆ. ಸದ್ದು ಎಲ್ಲಿಂದ ಬರಬೇಕು? ಸದ್ದು ಮಾಡುತ್ತಿದ್ದವರನ್ನು ಓಡಿಸಿ ಆಮೇಲೆ ಸದ್ದು ಬೇಕು ಎಂದು ಅಂಗಲಾಚುವವರನ್ನು ಕಂಡರೆ ನನಗೆ ಅಸಹ್ಯ. ಓಡಿಸಿದವರ ಪಕ್ಕದಲ್ಲಿ ನಾನೂ ಕೂತಿದ್ದೆ ಎಂಬುದು ಅದಕ್ಕಿಂತ ಅಸಹ್ಯ. ಈ ಎರಡನೆಯದನ್ನು ನನ್ನ ಗೆಳೆಯನೊಬ್ಬನಿಗೆ ಹೇಳಲು ನನಗೆ ಎರಡು ವರ್ಷ ಹಿಡಿಯಿತು.

ಆ ಗೆಳೆಯ ಟೈಲರ್. ಲಷ್ಕರ್ ಮೊಹಲ್ಲಾದಲ್ಲಿ, ಎರಡು ಮಿಷನ್ ಇಟ್ಟರೆ ಮೂರನೆಯವರು ನಿಲ್ಲಲಾಗದ ಒಂದು ಅಂಗಡಿ ಅವನದು. ನಾನು ಲಕ್ಷ್ಮೀಪುರಂನ ಒಂದು ಅಚ್ಚಿನಮನೆಯಲ್ಲಿ ಕರಡು ತಿದ್ದುತ್ತಿದ್ದವನು. ಲಗ್ನಪತ್ರಿಕೆ, ಪಂಚಾಂಗ, ಶಾಲೆಯ ಪ್ರಶ್ನೆಪತ್ರಿಕೆ, ಏನು ಬಂದರೂ ಕೆಂಪು ಪೆನ್ನು ಹಿಡಿದು ಕೂರುವುದು ನನ್ನ ಕೆಲಸ. ಈ ಕೆಲಸ ಮಾಡಿದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಅಂಗಡಿಯ ಬೋರ್ಡು, ಬಸ್ಸಿನ ಹಿಂಭಾಗ, ಪ್ರಸಾದದ ಪೊಟ್ಟಣ, ಎಲ್ಲೆಲ್ಲೂ ತಪ್ಪೇ ಕಣ್ಣಿಗೆ ಬೀಳುತ್ತದೆ. ನಿವೃತ್ತನಾಗಿ ವಿದ್ಯಾರಣ್ಯಪುರಂನ ಮನೆಯಲ್ಲಿ ಕೂತ ಮೇಲೂ ಆ ರೋಗ ನನ್ನನ್ನು ಬಿಟ್ಟಿಲ್ಲ.

ನಮ್ಮಿಬ್ಬರ ಪರಿಚಯವಾದದ್ದೂ ಒಂದು ತಪ್ಪಿನಿಂದಲೇ. ಆ ಕಾಲದಲ್ಲಿ ನಮ್ಮ ಕ್ಲಬ್ಬಿನ ಅಂಗಿಗಳ ಮೇಲೆ ಕನ್ನಡದ ಅಂಕಿಗಳಿರುತ್ತಿದ್ದವು. ಬಿಳಿ ಪಾಪ್ಲಿನ್ ಬಟ್ಟೆಯಲ್ಲಿ ಕತ್ತರಿಸಿ, ಅಂಚು ಮಡಿಚಿ, ಬೆನ್ನಿಗೆ ಹೊಲಿಯುತ್ತಿದ್ದವನು ಈ ಟೈಲರ್. ಒಂದು ಭಾನುವಾರ ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತೇನೆ, ನಮ್ಮ ಕಡೆ ಇಬ್ಬರು ಆರನೇ ನಂಬರಿನವರು ಓಡಾಡುತ್ತಿದ್ದಾರೆ, ಒಂಬತ್ತು ನಾಪತ್ತೆ. ೬ ಮತ್ತು ೯ರ ಬಾಲ ಯಾವುದು ಎತ್ತ ತಿರುಗಬೇಕೆಂಬುದು ಹೊಲಿದವನಿಗೆ ಗೊತ್ತಿಲ್ಲ. ಅಷ್ಟು ಜನರ ನಡುವೆ ಎದ್ದು ನಿಂತು ಇದನ್ನು ಹೊಲಿದ ಮಹಾನುಭಾವ ಯಾರು ಎಂದು ಕೇಳಿದೆ. ಎರಡು ಮೆಟ್ಟಿಲು ಕೆಳಗೆ ಕಡಲೆಕಾಯಿ ಬಿಡಿಸುತ್ತಿದ್ದ ಒಬ್ಬ ತಿರುಗಿ ನೋಡದೆ ಕೈ ಎತ್ತಿದ. ಮಾರನೆಯ ದಿನ ನಾನೇ ಅವನ ಅಂಗಡಿಗೆ ಹೋಗಿ ಹತ್ತೂ ಅಂಕಿಗಳನ್ನು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಕತ್ತರಿಸಿಕೊಟ್ಟೆ. ಅಲ್ಲಿಂದ ಮುಂದೆ ಪ್ರತಿ ವರ್ಷ ಹೊಸ ಅಂಗಿ ಬಂದಾಗ ಹೊಲಿಗೆ ಹಾಕುವ ಮೊದಲು ನನ್ನನ್ನು ಕರೆಸುತ್ತಿದ್ದ. ನಾನು ಮಿಷನ್ನಿನ ಪಕ್ಕ ನಿಂತು ಅಂಕಿಗಳ ಕರಡು ತಿದ್ದಿ ಟೀ ಕುಡಿದು ಬರುತ್ತಿದ್ದೆ.

ಕನ್ನಡದ ಅಂಕಿಯಿಂದ ನಮಗೆ ಮರ್ಯಾದೆಯೇನೂ ಹೆಚ್ಚಾಗಲಿಲ್ಲ. ೧ ದೂರದಿಂದ ಸೊನ್ನೆಯಂತೆ ಕಾಣುತ್ತದೆ. ಬೇರೆ ಊರಿನ ತಂಡದವರು ಒಂದನೇ ನಂಬರಿನ ನಮ್ಮ ಗೋಲ್‌ಕೀಪರನನ್ನು ಸೊನ್ನೆ ಎಂದೇ ಕರೆದು ನಗುತ್ತಿದ್ದರು. ರೆಫರಿಗಳು ಗೊಣಗುತ್ತಿದ್ದರು, ಒಂದು ಚೀಟಿಯಲ್ಲಿ ಇಂಗ್ಲಿಷಿನ ಅಂಕಿ ಬರೆಸಿಕೊಂಡು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಅದು ನಮ್ಮ ಭಾಷಾಭಿಮಾನವೂ ಅಲ್ಲ. ಕ್ಲಬ್ಬು ಶುರುವಾದಾಗ ಯಾರೋ ಹಾಗೆ ಬರೆಸಿದ್ದರು, ಆಮೇಲೆ ಯಾರೂ ಬದಲಾಯಿಸಲಿಲ್ಲ, ಅಷ್ಟೇ.

ಆದರೆ ಅದರಿಂದ ಮೆಟ್ಟಿಲಿಗೆ ಒಂದು ಬಾಯಿ ಬಂದಿತ್ತು. ಆಟಗಾರರನ್ನು ನಾವು ಹೆಸರಿನಿಂದ ಕರೆಯುತ್ತಿರಲಿಲ್ಲ, ಅಂಕಿಯಿಂದಲೇ ಕರೆಯುತ್ತಿದ್ದೆವು. ಹತ್ತನೆಯವನು ಹಿಂದೆ ಉಳಿದರೆ ಇಡೀ ಮೆಟ್ಟಿಲು "ಹತ್ತು, ಹತ್ತು" ಎನ್ನುತ್ತಿತ್ತು. ಅವನು ಮೇಲಕ್ಕೆ ಹತ್ತಿ ಓಡುತ್ತಿದ್ದ. ಏಳನೆಯವನು ಬಲ ಅಂಚಿನಲ್ಲಿ ಓಡುವವನು, ಗಾಳಿ ಜೋರಾಗಿ ಬೀಸಿದರೂ ಬೀಳುವ ಮೈಕಟ್ಟು. ಅವನು ಮೊದಲ ಸಲ ಬಿದ್ದಾಗ ಟೈಲರ್ ಕಡಲೆಕಾಯಿ ಕೆಳಗಿಟ್ಟು "ಏಳು" ಎಂದು ಕೂಗಿದ. ಅವನ ಹಿಂದೆ ನಾಲ್ಕು ಜನ, ಅವರ ಹಿಂದೆ ನೂರು ಜನ, ಕೊನೆಗೆ ಮೈದಾನದ ಮೂರೂ ಕಡೆಯಿಂದ ಏಳು, ಏಳು, ಏಳು. ಬಿದ್ದವನು ಎದ್ದ. ಅಂದಿನಿಂದ ಅದೇ ನಮ್ಮ ಕೂಗು. ಎರಡು ಗೋಲು ಹಿಂದಿದ್ದರೂ ಏಳು, ಮಳೆ ಬಂದು ಆಟ ನಿಂತರೂ ಏಳು. ಪಂದ್ಯದ ದಿನ ಆ ಕೂಗು ಎರಡು ಬೀದಿ ಆಚೆಗೂ ಕೇಳುತ್ತಿತ್ತು, ಹೆಂಗಸರು ಒಳಗಿನಿಂದಲೇ ನಮ್ಮವರು ಸೋಲುತ್ತಿದ್ದಾರೆಂದು ತಿಳಿದುಕೊಳ್ಳುತ್ತಿದ್ದರಂತೆ.

ಆ ಏಳನೆಯವನದು ಸೈಕಲ್ ಶಾಪು. ಸೋಮವಾರ ಬೆಳಗ್ಗೆ ಪಂಕ್ಚರ್ ಹಾಕಿಸಲು ಹೋದವರೆಲ್ಲ ಅವನಿಗೆ ಮಂಗಳಾರತಿ ಮಾಡಿಯೇ ಬರುತ್ತಿದ್ದರು. ಎದುರಿಗೆ ಗೋಲು ಇಟ್ಟುಕೊಂಡು ಆಕಾಶಕ್ಕೆ ಒದ್ದೆಯಲ್ಲಪ್ಪ ಎಂದರೆ ಅವನು ಟ್ಯೂಬನ್ನು ನೀರಿನಲ್ಲಿ ಅದ್ದುತ್ತ ಕೇಳಿಸಿಕೊಳ್ಳುತ್ತಿದ್ದ. ಮುಂದಿನ ಭಾನುವಾರ ಬೈದವರ ಮುಂದೆಯೇ ಓಡಬೇಕಾಗಿತ್ತು. ಕೊನೆಕೊನೆಗೆ ಅವನು ಆ ಕೂಗು ಕೇಳುವುದಕ್ಕೆಂದೇ ಬೀಳುತ್ತಿದ್ದಾನೆ ಎಂಬ ಗುಮಾನಿ ನಮಗೆಲ್ಲ ಇತ್ತು. ಬಿದ್ದು, ಒಂದು ಕಣ್ಣು ಮುಚ್ಚಿ ಮೆಟ್ಟಿಲ ಕಡೆ ಕಿವಿ ಕೊಟ್ಟು ಮಲಗಿರುತ್ತಿದ್ದ.

ನನಗೂ ಟೈಲರನಿಗೂ ಈ ಕೂಗಿನ ಮೇಲೆ ಒಂದು ಜಗಳವಿತ್ತು, ಮೂವತ್ತು ವರ್ಷದ ಜಗಳ. ನೀನು ಮೊದಲ ಸಲ ಕೂಗಿದ್ದು ಅಂಕಿಯೋ, ಎದ್ದು ನಿಲ್ಲು ಎಂಬ ಮಾತೋ ಎಂದು ನಾನು ಕೇಳುತ್ತಿದ್ದೆ. ಎರಡೂ ಆದರೆ ನಡುವೆ ಒಂದು ಅಲ್ಪವಿರಾಮ ಬೇಕು, ಬಾಯಲ್ಲಿ ಅದು ಕೇಳಲಿಲ್ಲ ಎನ್ನುತ್ತಿದ್ದೆ. ಅವನು ಎಂದೂ ಬಾಯಿ ಬಿಡಲಿಲ್ಲ. ಕೇಳಿದಾಗಲೆಲ್ಲ ಸೂಜಿಗೆ ದಾರ ಪೋಣಿಸಲು ಕೊಟ್ಟು ನನ್ನ ಬಾಯಿ ಮುಚ್ಚಿಸುತ್ತಿದ್ದ.

ಇದೆಲ್ಲ ಹೇಗೆ ಹಾಳಾಯಿತು ಎಂದು ಹೇಳುವಾಗ ಒಬ್ಬರ ಮೇಲೇ ಗೂಬೆ ಕೂರಿಸುವುದು ಸುಲಭ. ಸೈಕಲ್ ಶಾಪಿನವನಿಗೆ ವಯಸ್ಸಾಯಿತು, ಅವನಂಥವರು ಮತ್ತೆ ಸಿಗಲಿಲ್ಲ, ಸೋಲು ಅಭ್ಯಾಸವಾಯಿತು, ಜನ ಕಡಿಮೆಯಾದರು. ಅಲ್ಲಿಯವರೆಗೆ ನನಗೆ ಬೇಸರವಿತ್ತು, ಅಸಹ್ಯವಿರಲಿಲ್ಲ. ಕ್ಲಬ್ಬನ್ನು ಹೊಸಬರು ಕೊಂಡುಕೊಂಡ ಮೇಲೆ ಶುರುವಾಯಿತು ಅಸಹ್ಯ. ಕಲ್ಲಿನ ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಕುರ್ಚಿ ಬಂದವು, ಕುರ್ಚಿಯ ಬೆನ್ನಿಗೆ ಟೈಲ್ಸ್ ಕಂಪನಿಯ ಜಾಹೀರಾತು. ಪೇಟ ಸುತ್ತಿದ ಒಂದು ಹತ್ತಿಯ ಆನೆ ಬಂತು. ಅದರೊಳಗೊಬ್ಬ ಮನುಷ್ಯ ಬೆವರು ನಾರುತ್ತ ಕುಣಿಯುತ್ತಾನೆ, ಒಂದು ಕಿವಿ ಕಿತ್ತುಹೋಗಿ ತಿಂಗಳುಗಳಾದರೂ ಹೊಲಿಸುವವರಿಲ್ಲ. ಕಾರ್ನರ್ ಕಿಕ್ ಹೊಡೆಯುವ ಹೊತ್ತಿಗೆ ಸರಿಯಾಗಿ ಡೋಲಿನ ಹಾಡು ಹಾಕುತ್ತಾರೆ. ಟಿಕೆಟ್ಟು ಫೋನಿನಲ್ಲೇ ಆಗಬೇಕು, ಶೌಚಾಲಯದಲ್ಲಿ ನೀರು ಮಾತ್ರ ಆಗಬೇಕಿಲ್ಲ. ಫ್ಯಾನ್ ಝೋನ್ ಎಂದು ಒಂದು ಶಾಮಿಯಾನ, ಅದರೊಳಗೆ ಸೆಲ್ಫಿಗೆಂದು ಒಂದು ರಟ್ಟಿನ ಗೋಲುಕಂಬ. ಆಟಗಾರರು ಪ್ರತಿ ವರ್ಷ ಬದಲಾಗುತ್ತಾರೆ. ಬಸ್ಸಿನಲ್ಲಿ ಬರುತ್ತಾರೆ, ಬಸ್ಸಿನಲ್ಲಿ ಹೋಗುತ್ತಾರೆ. ಸೋಮವಾರ ಬೆಳಗ್ಗೆ ಯಾರನ್ನು ಎಲ್ಲಿ ಹಿಡಿದು ಬೈಯುವುದು?

ಇವೆಲ್ಲಕ್ಕೂ ಮೊದಲು ಒಂದು ಸಭೆ ನಡೆದಿತ್ತು. ಹಳೆಯ ಅಭಿಮಾನಿಗಳ ಅಭಿಪ್ರಾಯ ಕೇಳುತ್ತೇವೆ ಎಂದು ಹೋಟೆಲೊಂದರ ತಣ್ಣಗಿನ ಕೋಣೆಗೆ ನಮ್ಮಂಥ ಐದು ಜನರನ್ನು ಕರೆದಿದ್ದರು. ಟೈಲರನನ್ನು ಕರೆದಿರಲಿಲ್ಲ. ಅಂಗಿ ಹೊಲಿಯುವವನು ಅಭಿಮಾನಿ ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಪಟ್ಟಿ ಕಟ್ಟಿದ ಜೀವಮಾನದ ಪಾಸನ್ನು ಕತ್ತಿಗೆ ಹಾಕಿದರು. ಆಮೇಲೆ ಒಬ್ಬ ತರುಣ ಗೋಡೆಯ ಮೇಲೆ ಚಿತ್ರ ಬಿಟ್ಟು, ಅಂಗಿಯ ಅಂಕಿಗಳು ಇನ್ನು ಅಂತರರಾಷ್ಟ್ರೀಯ ಮಟ್ಟದಲ್ಲಿ, ಎಂದರೆ ಇಂಗ್ಲಿಷಿನಲ್ಲಿ ಇರುತ್ತವೆ, ಫ್ಯಾಕ್ಟರಿಯಲ್ಲೇ ಅಚ್ಚಾಗಿ ಬರುತ್ತವೆ, ಹಿರಿಯರ ಅಭ್ಯಂತರ ಇಲ್ಲ ತಾನೆ ಎಂದು ಕೇಳಿದ. ಉಳಿದ ನಾಲ್ವರು ನನ್ನ ಮುಖ ನೋಡಿದರು. ಅಂಕಿಯ ವಿಷಯದಲ್ಲಿ ನಾನೇ ದೊಡ್ಡವನು ಎಂದು ಅವರಿಗೆ ಗೊತ್ತಿತ್ತು. ನನ್ನ ಹೆಗಲ ಮೇಲೆ ಶಾಲಿತ್ತು, ಕೈಯಲ್ಲಿ ಗೋಡಂಬಿ ಇತ್ತು.

"ಆಗ್ಲಿ ಬಿಡಿ, ಕಾಲ ಬದಲಾಗಿದೆ" ಎಂದೆ.

ನಾಲ್ಕು ಶಬ್ದ. ನಲವತ್ತು ವರ್ಷ ಇನ್ನೊಬ್ಬರ ಅಕ್ಷರಕ್ಕೆ ಕೆಂಪು ಪೆನ್ನು ಹಾಕಿದವನು ಆ ನಾಲ್ಕು ಶಬ್ದವನ್ನು ಹೊಡೆದುಹಾಕಲಿಲ್ಲ. ಫೋಟೋ ತೆಗೆದರು. ನಾನು ಕೂತಲ್ಲೇ ನಕ್ಕೆ.

ಆ ವರ್ಷದಿಂದ ಟೈಲರ್ ಮೈದಾನಕ್ಕೆ ಬರುವುದನ್ನು ಬಿಟ್ಟ. ಹಿರಿಯರು ಒಪ್ಪಿದ್ದಾರೆ ಎಂದು ಕ್ಲಬ್ಬಿನವರು ಅವನಿಗೆ ಹೇಳಿ ಕಳಿಸಿದ್ದರು. ಹಿರಿಯರು ಯಾರೆಂದು ಅವನು ನನ್ನನ್ನು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ. ಯಾಕೆ ಬರುವುದಿಲ್ಲ ಎಂದರೆ "ಮಂಡಿ ನೋವು ಕಣೋ, ಮೆಟ್ಲು ಅತ್ತಕ್ಕಾಗಲ್ಲ" ಎನ್ನುತ್ತಿದ್ದ. ಅದೇ ಮಂಡಿಯಲ್ಲಿ ದಿನವಿಡೀ ಮಿಷನ್ ತುಳಿಯುತ್ತಿದ್ದ. ನಮ್ಮ ಸ್ನೇಹವೆಂದರೆ ಭಾನುವಾರದ ಆ ಎರಡು ಗಂಟೆ. ಅದು ಹೋದ ಮೇಲೆ ಅಂಗಡಿಯಲ್ಲಿ ಕೂತರೂ ಮಾತು ಹುಟ್ಟುತ್ತಿರಲಿಲ್ಲ. ಅವನು ಗುಂಡಿಯ ಡಬ್ಬಿ ಹುಡುಕುವಂತೆ ನಟಿಸುತ್ತಿದ್ದ, ನಾನು ಗಡಿಯಾರ ನೋಡುವಂತೆ ನಟಿಸುತ್ತಿದ್ದೆ.

ನಾನು ಮಾತ್ರ ಪಾಸು ಹಾಕಿಕೊಂಡು ಒಬ್ಬನೇ ಹೋಗುತ್ತಿದ್ದೆ. ಹೋಗಿ ಬೈದುಕೊಳ್ಳುತ್ತಿದ್ದೆ. ಎಪ್ಪತ್ತೇಳು ನಂಬರಿನವನೊಬ್ಬ, ತೊಂಬತ್ತೊಂಬತ್ತು ನಂಬರಿನವನೊಬ್ಬ, ಆಡುವವರು ಹನ್ನೊಂದು ಜನ! ಬಿದ್ದವನನ್ನು ಏನೆಂದು ಕರೆಯಬೇಕೋ ಯಾರಿಗೂ ಗೊತ್ತಿಲ್ಲದೆ ಎಲ್ಲರೂ ಸುಮ್ಮನೆ ನೋಡುತ್ತಿದ್ದರು. ಪಂದ್ಯದಿಂದ ಪಂದ್ಯಕ್ಕೆ ಕುರ್ಚಿಗಳು ಖಾಲಿಯಾಗುತ್ತ ಬಂದವು. ಖಾಲಿ ಕುರ್ಚಿಗಳ ಮೇಲೆ ಪಾರಿವಾಳ ಹಿಕ್ಕೆ ಹಾಕಿತ್ತು, ಒರೆಸುವವರಿರಲಿಲ್ಲ. ಮನೆಯಲ್ಲಿ ಹೆಂಡತಿ, ಅಷ್ಟು ಹೇಸಿಗೆಯಾದರೆ ಯಾಕೆ ಹೋಗುತ್ತೀರಿ ಎಂದು ಕೇಳಿದಳು. ಟೈಲರ್ ಒಂದಲ್ಲ ಒಂದು ದಿನ ಬರುತ್ತಾನೆ, ಬಂದರೆ ಅವನ ಜಾಗದ ಪಕ್ಕ ನಾನಿರಬೇಕು ಎಂದು ಕಾಯುತ್ತಿದ್ದೆನೋ ಏನೋ.

ಕಳೆದ ನವೆಂಬರಿನಲ್ಲಿ ಕ್ಲಬ್ಬಿನವರು ರಾಜ್ಯೋತ್ಸವದ ಪಂದ್ಯ ಎಂದು ಬ್ಯಾನರ್ ಕಟ್ಟಿದರು. ಆ ಒಂದು ದಿನ ಅಂಗಿಯ ಮೇಲೆ ಕನ್ನಡದ ಅಂಕಿ, ಒಂದರಿಂದ ಹನ್ನೊಂದರವರೆಗೆ. ಬ್ಯಾನರಿನಲ್ಲೇ ಎರಡು ಕಾಗುಣಿತದ ತಪ್ಪಿದ್ದವು. ಅದನ್ನು ಕಂಡೂ ಕಾಣದವನಂತೆ ನಾನು ನೇರವಾಗಿ ಲಷ್ಕರ್ ಮೊಹಲ್ಲಾಕ್ಕೆ ಹೋದೆ. ನಿನ್ನ ಅಂಕಿ ವಾಪಸ್ ಬರುತ್ತಿವೆ, ಬಾ ಎಂದೆ. ಯಾರು ಹೊಲಿದವರು ಎಂದು ಕೇಳಿದ. ಹೊಲಿಗೆಯಲ್ಲ, ಇಸ್ತ್ರಿ ಹಾಕಿ ಅಂಟಿಸುತ್ತಾರಂತೆ ಎಂದೆ. ಕೈಯಲ್ಲಿದ್ದ ಬಟ್ಟೆಯನ್ನು ಕೊನೆಯವರೆಗೆ ಕತ್ತರಿಸಿ ತಲೆ ಎತ್ತಿದ.

"ಒಂದ್ಸಲ ಬತ್ತೀನಿ. ಸರಿಯಾಗಿಲ್ಲಾಂದ್ರೆ ಇನ್ನು ಕರೀಬ್ಯಾಡ."

ಆಗಲಿ ಎಂದೆ. ಅವನು ಮತ್ತೆ ಮೆಟ್ಟಿಲ ಮೇಲೆ ಕೂತರೆ ಆ ಸಭೆಯ ವಿಷಯ ಹೇಳದೆಯೇ ಸರಿಹೋದೀತು ಎಂದು ನನ್ನ ಲೆಕ್ಕ. ಹೇಡಿಯ ಲೆಕ್ಕ, ಈಗ ಗೊತ್ತಾಗುತ್ತದೆ.

ಪಂದ್ಯದ ದಿನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಡಲೆಕಾಯಿ ಪೊಟ್ಟಣದೊಂದಿಗೆ ಬಂದ. ಗೇಟಿನ ಕಾವಲುಗಾರ ಫೋನಿನ ಟಿಕೆಟ್ ಕೇಳಿದ. ಪಾಸು ಇದ್ದವರು ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದಾದ್ದರಿಂದ ನನ್ನ ಲೆಕ್ಕದಲ್ಲಿ ಅವನನ್ನು ಒಳಗೆ ಬಿಟ್ಟರು. ಮೂವತ್ತು ವರ್ಷ ತಂಡಕ್ಕೆ ಬಟ್ಟೆ ತೊಡಿಸಿದವನು ನನ್ನ ಬಾಲ ಹಿಡಿದು ಒಳಗೆ ಬರಬೇಕಾಯಿತು. ಅವನು ನನ್ನ ಕತ್ತಿನ ಪಾಸನ್ನು ಒಮ್ಮೆ ನೋಡಿದ. ಹೊರಗಿನ ತಿಂಡಿ ಒಳಗೆ ತರುವಂತಿಲ್ಲ ಎಂದು ಕಡಲೆಕಾಯಿಯನ್ನು ಗೇಟಿನಲ್ಲೇ ಇರಿಸಿಕೊಂಡರು.

ಆನೆ ಒಂದೇ ಕಿವಿಯಲ್ಲಿ ಕುಣಿಯಿತು. ಮೈಕಿನವನು ಸದ್ದು ಬೇಡಿದ. ಎರಡೂ ತಂಡಗಳು ಬಂದು ಸಾಲಾಗಿ ನಿಂತಾಗ ನಾನು ಬೆನ್ನುಗಳನ್ನು ನೋಡಿದೆ. ಒಂದು, ಎರಡು, ಮೂರು ಸರಿಯಾಗಿದ್ದವು. ಆರು ಇಬ್ಬರಿದ್ದರು, ಒಂಬತ್ತು ಇರಲಿಲ್ಲ. ಮೂವತ್ತು ವರ್ಷದ ಹಿಂದಿನ ಅದೇ ತಪ್ಪು. ನಗು ಬಂದು ಟೈಲರನ ಕಡೆ ತಿರುಗಿದೆ. ಅವನು ನಗುತ್ತಿರಲಿಲ್ಲ. ಬಲ ಅಂಚಿಗೆ ಹೋಗುತ್ತಿದ್ದ ಒಬ್ಬನ ಬೆನ್ನನ್ನೇ ನೋಡುತ್ತಿದ್ದ.

"ಏಳು ತಲೆಕೆಳಗಾಗೈತೆ" ಎಂದ.

ನಿಜ. ಅಂಟಿಸಿದವನು ೭ನ್ನು ಬುಡಮೇಲು ಮಾಡಿ ಅಂಟಿಸಿದ್ದ. ಅದು ಯಾವ ಭಾಷೆಯ ಅಂಕಿಯೂ ಆಗಿರಲಿಲ್ಲ. ಅದನ್ನು ಹೊತ್ತವನು ಎಲ್ಲೋ ದೂರದ ರಾಜ್ಯದವನು, ಅವನಿಗೆ ತನ್ನ ಬೆನ್ನ ಮೇಲೆ ಏನಿದೆಯೆಂದು ಗೊತ್ತಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಕನ್ನಡದ ಹೆಸರಿನಲ್ಲಿ ಪಂದ್ಯ ಮಾಡಿ, ಅಂಗಿಯನ್ನು ಒಬ್ಬರೂ ತಿರುಗಿಸಿ ನೋಡದೆ ಕಳಿಸಿದವರ ಮೇಲೆ ಸಿಟ್ಟು. ಸುತ್ತ ಕೂತವರಲ್ಲಿ ಯಾರಿಗೂ ಅದು ಕಾಣಲಿಲ್ಲ.

ಎರಡನೆಯ ಅರ್ಧದಲ್ಲಿ ನಮ್ಮವರು ಮೂರು ಗೋಲು ಹಿಂದಿದ್ದಾಗ ಆ ಏಳನೆಯವನು ಚೆಂಡು ಹಿಡಿದು ಅಂಚಿನಲ್ಲಿ ಓಡಿದ. ಚೆನ್ನಾಗಿಯೇ ಓಡಿದ. ನಮ್ಮ ಎದುರಿಗೇ ಒಬ್ಬ ಕಾಲು ಅಡ್ಡ ಕೊಟ್ಟ, ಅವನು ಮುಗ್ಗರಿಸಿ ಬಿದ್ದು ಕಣಕಾಲು ಹಿಡಿದುಕೊಂಡು ಮಲಗಿದ. ಮೈದಾನ ಸುಮ್ಮನಿತ್ತು. ಟೈಲರ್ ಕುರ್ಚಿಯ ಅಂಚಿಗೆ ಬಂದು, ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಕೂಗಿದ.

"ಏಳು!"

ನಾನು ಜೊತೆಗೂಡಬೇಕಿತ್ತು. ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಫೋನ್ ಹಿಡಿದು ಕೂತಿದ್ದ ತರುಣ ತರುಣಿ ಇಬ್ಬರೂ ದಡಕ್ಕನೆ ಎದ್ದು ನಿಂತರು. ಚೀಲ ಎತ್ತಿಕೊಂಡು ಕಾಲು ಸರಿಸಿ ನಮಗೆ ದಾರಿ ಬಿಟ್ಟರು. ನಾವು ಹೊರಗೆ ಹೋಗಬೇಕೆಂದು ಅವರನ್ನು ಎಬ್ಬಿಸಿದೆವು ಎಂದುಕೊಂಡಿದ್ದರು. ತರುಣನ ಮುಖ ಕೆಂಪಾಗಿತ್ತು.

"ಏಳು ಅಂತೀರಲ್ಲ ಅಂಕಲ್. ಏಳಿ ಅಂದ್ರೆ ಏಳಲ್ವಾ ನಾವು?"

ಟೈಲರ್ ಅವನನ್ನು ನೋಡಿದ. ಆಮೇಲೆ ಮೆಲ್ಲಗೆ, "ನಿಮ್ಗಲ್ಲ ಕಣಪ್ಪ, ಕೂತ್ಕೊಳಿ" ಎಂದು ಮೈದಾನದಲ್ಲಿ ಬಿದ್ದವನ ಕಡೆ ಕೈ ತೋರಿಸಿದ. ತರುಣ ತಿರುಗಿದ. ಮೈದಾನದ ಕಡೆ ಅವನು ತಿರುಗಿದ್ದು ಆ ಸಂಜೆ ಅದೇ ಮೊದಲೋ ಏನೋ. ಬಿದ್ದವನ ಬೆನ್ನನ್ನು ಕಣ್ಣು ಕಿರಿದು ಮಾಡಿ ನೋಡಿ, ಅದು ಏಳಾ ಎಂದು ಕೇಳಿದ. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ. ಟೈಲರನಿಗೆ ಹೌದು ಎನ್ನಲೂ ಆಗಲಿಲ್ಲ, ಅಲ್ಲ ಎನ್ನಲೂ ಆಗಲಿಲ್ಲ. ಬಿದ್ದವನನ್ನು ಇಬ್ಬರು ಹೆಗಲು ಕೊಟ್ಟು ಆಚೆಗೆ ಕರೆದುಕೊಂಡು ಹೋದರು. ಮೈಕಿನವನು ಮತ್ತೆ ಸದ್ದು ಕೇಳಿದ.

ಟೈಲರ್ ಎದ್ದ. ದಾರಿ ಹೇಗೂ ಬಿಟ್ಟಿದ್ದರು. ಅವನ ಹಿಂದೆ ನಾನೂ ಇಳಿದೆ. ಅವನ ಮಂಡಿಗೆ ಏನೂ ಆಗಿರಲಿಲ್ಲ, ನನಗಿಂತ ಬೇಗ ಮೆಟ್ಟಿಲಿಳಿದ. ಗೇಟಿನಲ್ಲಿ ಕಡಲೆಕಾಯಿಯನ್ನು ಅವನೂ ಕೇಳಲಿಲ್ಲ, ಅವರೂ ಕೊಡಲಿಲ್ಲ.

ಲಷ್ಕರ್ ಮೊಹಲ್ಲಾದವರೆಗೂ ನಡೆದೆವು. ಅಂಗಡಿ ಬೀದಿಯಲ್ಲಿ ಸಂಜೆಯ ನೂಕುನುಗ್ಗಲು. ಇಷ್ಟು ಜನ ಈ ಊರಿನಲ್ಲಿ ಇದ್ದೂ ಅಲ್ಲಿ ಯಾರೂ ಇರಲಿಲ್ಲವಲ್ಲ ಎಂದು ನನಗೆ ಎಲ್ಲರ ಮೇಲೂ ಒಟ್ಟಿಗೆ ಅಸಹ್ಯ ಹುಟ್ಟಿತು. ಅವನು ಬಗ್ಗಿ ಅಂಗಡಿಯ ಬೀಗ ತೆಗೆದು ಬಾಗಿಲು ಮೇಲಕ್ಕೆ ತಳ್ಳಿದ. ಒಳಗಿನ ಮೊಳೆಯಲ್ಲಿ ನಾನು ಕತ್ತರಿಸಿಕೊಟ್ಟಿದ್ದ ರಟ್ಟಿನ ಅಂಕಿಗಳು ದಾರಕ್ಕೆ ಪೋಣಿಸಿಕೊಂಡು ಇನ್ನೂ ನೇತಾಡುತ್ತಿದ್ದವು. ಅವನ್ನು ನೋಡಿದ ಮೇಲೆ ಸುಮ್ಮನಿರಲು ನನ್ನಿಂದಾಗಲಿಲ್ಲ. ಆ ಸಭೆಯಲ್ಲಿ ನಾನೂ ಇದ್ದೆ, ಅಂಕಿ ತೆಗೆಯಿರಿ ಎಂದು ಒಪ್ಪಿದವನು ನಾನೇ ಎಂದು ಹೇಳಿಬಿಟ್ಟೆ.

ಅವನಿಗೆ ಆಶ್ಚರ್ಯವಾಗಲಿಲ್ಲ. ಮಿಷನ್ ಮುಂದೆ ಕೂತು ಚಕ್ರದ ಮೇಲೆ ಕೈ ಇಟ್ಟ.

"ಫೋಟೋ ಪೇಪರ್ನಲ್ಲಿ ಬಂದಿತ್ತಲ್ಲ. ಶಾಲು ಒದ್ಕೊಂಡು ಕೂತಿದ್ದೆ." ಚಕ್ರವನ್ನು ಒಂದು ಸುತ್ತು ತಿರುಗಿಸಿದ. "ಅವತ್ತು ಏಳ್ಬೋದಾಗಿತ್ತು ಕಣೋ ನೀನು."

ನನ್ನ ಕತ್ತಿನಲ್ಲಿ ಪಾಸು ಇನ್ನೂ ಇತ್ತು. ಅವನು ಮಿಷನ್ ತುಳಿಯಲು ಶುರು ಮಾಡಿದ. ಏಳು ಅಂಕಿಯೋ, ಮಾತೋ ಎಂಬ ನಮ್ಮ ಮೂವತ್ತು ವರ್ಷದ ಜಗಳ ಅಲ್ಲಿಗೆ ತೀರಿತು. ಆ ಮಾತಿನಲ್ಲಿ ಅಂಕಿ ಇರಲಿಲ್ಲ.